ಫೋನ್ ಮಾಡಿದ್ದು ಯಾರು ಸ್ವಾಮಿ?

"ಸ್ಪೋರ್ಟಿವ್ ಆಗಿ ತಗೊಳ್ಳಿ" ಅನ್ನುವ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಎಫ್‌ಎಂ ರೇಡಿಯೋದವರು ಯಾರಿಗೋ ಫೋನ್ ಮಾಡಿ, ಸುಳ್ಳು ಹೇಳಿ, ಅವರು ಬೆವರುವ ತನಕ ಆಟ ಆಡಿಸಿ, ಕೊನೆಗೆ "ನಿಮ್ಮನ್ನು ಬಕ್ರಾ ಮಾಡಿದೆವು" ಅಂತ ಘೋಷಿಸಿದ ಮೇಲೆ ಹೇಳುವ ಮಾತು ಇದು. ಕಳೆದ ವಾರ ಆಫೀಸಿನ ಕ್ಯಾಂಟೀನಿನಲ್ಲಿ ಇದೇ ವಿಷಯಕ್ಕೆ ಜೋರು ವಾದ ಆಯಿತು. "ನಿಂಗೆ ಸೆನ್ಸ್ ಆಫ್ ಹ್ಯೂಮರ್ ಇಲ್ಲ ಮಾರಾಯ" ಅಂತ ಗೆಳೆಯನೊಬ್ಬ ತೀರ್ಪು ಕೊಟ್ಟು ಮೊಸರನ್ನ ತರಲು ಎದ್ದು ಹೋದ. ಅಲ್ಲಿ ಹೇಳಲು ಪುರುಸೊತ್ತು ಸಿಗದ್ದನ್ನು ಇಲ್ಲಿ ಕುಟ್ಟುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು. ಒಂದು ಲೋಟ ಕಾಫಿ ಪಕ್ಕದಲ್ಲಿ ಇಟ್ಟುಕೊಂಡು ಓದಿ :-)

ಮೊದಲೇ ಹೇಳಿಬಿಡುತ್ತೇನೆ. ರೇಡಿಯೋ ಹಾಸ್ಯ ನನಗೆ ಆಗದು ಅಂತಲ್ಲ. ಉಲ್ಟಾ, ಅಂಥದ್ದೇ ಒಂದು ಕಾರ್ಯಕ್ರಮದ ಕಟ್ಟಾ ಅಭಿಮಾನಿ ನಾನು. ಹೆಸರು 'ಕಾರ್ ಟಾಕ್'. ಅಮೆರಿಕದ್ದು. ಬೋಸ್ಟನ್‌ನಲ್ಲಿ ನಾಲ್ಕು ವರ್ಷ ಇದ್ದು ಬಂದ ನಮ್ಮ ಟೀಮಿನ ಹಿರಿಯರೊಬ್ಬರು ಇದರ ಹುಚ್ಚು ಹಿಡಿಸಿದರು. ನನ್ನ ಹತ್ತಿರ ಕಾರಿಲ್ಲ. ಇರುವುದು ಒಂದು ಸೆಕೆಂಡ್ ಹ್ಯಾಂಡ್ ಆಕ್ಟಿವಾ. ಕಾರಿನ ಬಾನೆಟ್ಟಿನೊಳಗೆ ಏನೇನಿದೆ ಅಂತ ಎಂಜಿನಿಯರಿಂಗ್ ಮೊದಲ ವರ್ಷದಲ್ಲಿ ಓದಿದ್ದು ಅಷ್ಟಕ್ಕಷ್ಟೆ. ಆದರೂ ಕಾರು ರಿಪೇರಿಯ ಬಗ್ಗೆ ಇಬ್ಬರು ಮುದುಕರು ಹರಟುವ ಹಳೇ ಎಪಿಸೋಡುಗಳನ್ನು ಔಟರ್ ರಿಂಗ್ ರೋಡಿನ ಬಸ್ಸಿನಲ್ಲಿ ಕೂತು ಕೇಳುತ್ತಾ ಒಬ್ಬನೇ ನಗುತ್ತೇನೆ. ಪಕ್ಕದಲ್ಲಿ ಕೂತವರು ಸ್ವಲ್ಪ ಸರಿದು ಕೂರುತ್ತಾರೆ.

ಗೊತ್ತಿಲ್ಲದವರಿಗೆ ಚುಟುಕಾಗಿ: ಟಾಮ್ ಮತ್ತು ರೇ ಮಲ್ಯೋಟ್ಸಿ ಅಂತ ಅಣ್ಣತಮ್ಮಂದಿರು. ಅಣ್ಣ ಹುಟ್ಟಿದ್ದು 1937ರಲ್ಲಿ, ತಮ್ಮ 1949ರಲ್ಲಿ. ಇಬ್ಬರೂ ಎಂಐಟಿಯಲ್ಲಿ ಓದಿದವರು. ಟಾಮ್ ಒಳ್ಳೆಯ ನೌಕರಿಯಲ್ಲಿದ್ದ. ಒಂದು ದಿನ ಕಾರಿನಲ್ಲಿ ಆಫೀಸಿಗೆ ಹೋಗುವಾಗ ದೊಡ್ಡ ಟ್ರಕ್ಕೊಂದಕ್ಕೆ ಸಿಕ್ಕು ಸಾಯುವುದು ಸ್ವಲ್ಪದರಲ್ಲಿ ತಪ್ಪಿತಂತೆ. ಈಗ ಸತ್ತಿದ್ದರೆ ಇಡೀ ಬದುಕು ಈ ರಸ್ತೆಯ ಮೇಲೆ ಓಡಾಡಿಯೇ ಮುಗಿದುಹೋಗುತ್ತಿತ್ತಲ್ಲ ಅನ್ನಿಸಿ ರಾಜೀನಾಮೆ ಕೊಟ್ಟನಂತೆ. (ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತ ಬಸ್ಸಿನಲ್ಲಿ ಇಂಥ ಕಥೆ ಕೇಳಬಾರದು!) 1973ರಲ್ಲಿ ಅಣ್ಣತಮ್ಮ ಸೇರಿ ಕೇಂಬ್ರಿಜ್‌ನಲ್ಲಿ ಒಂದು ಗ್ಯಾರೇಜು ತೆರೆದರು. ಜಾಗ, ಸ್ಪ್ಯಾನರು ಎಲ್ಲಾ ಬಾಡಿಗೆಗೆ, ರಿಪೇರಿ ನೀವೇ ಮಾಡಿಕೊಳ್ಳಿ ಅನ್ನುವ ಥರದ ಗ್ಯಾರೇಜು. ಅದು ಲಾಭ ತರಲಿಲ್ಲ, ಆಮೇಲೆ ಮಾಮೂಲಿ ಗ್ಯಾರೇಜೇ ಆಯಿತು. 1977ರಲ್ಲಿ ಬೋಸ್ಟನ್‌ನ ರೇಡಿಯೋ ಸ್ಟೇಷನ್ನೊಂದು ಊರಿನ ಮೆಕ್ಯಾನಿಕ್‌ಗಳನ್ನೆಲ್ಲ ಚರ್ಚೆಗೆ ಕರೆದರೆ ಬಂದದ್ದು ಟಾಮ್ ಒಬ್ಬನೇ. ಮುಂದಿನ ಸಲ ತಮ್ಮನನ್ನೂ ಕರೆದುಕೊಂಡು ಹೋದ. ಅಲ್ಲಿಂದ ಶುರು. 1987ರಲ್ಲಿ ನ್ಯಾಷನಲ್ ಪಬ್ಲಿಕ್ ರೇಡಿಯೋ ಮೂಲಕ ದೇಶಕ್ಕೆಲ್ಲ ಹೋಯಿತು. 1992ರಲ್ಲಿ ಪೀಬಡಿ ಪ್ರಶಸ್ತಿ ಬಂತು. 2012ರ ಅಕ್ಟೋಬರಿನಲ್ಲಿ ಹೊಸ ಎಪಿಸೋಡು ಮಾಡುವುದು ನಿಲ್ಲಿಸುವಾಗ ವಾರಕ್ಕೆ 30 ಲಕ್ಷಕ್ಕೂ ಹೆಚ್ಚು ಜನ ಕೇಳುತ್ತಿದ್ದರು, 600ಕ್ಕೂ ಹೆಚ್ಚು ಸ್ಟೇಷನ್ನುಗಳಲ್ಲಿ. ಟಾಮ್ 2014ರ ನವೆಂಬರಿನಲ್ಲಿ ತೀರಿಕೊಂಡ.

ಕಾರ್ಯಕ್ರಮ ಇಷ್ಟೆ. ಜನ ಫೋನ್ ಮಾಡುತ್ತಾರೆ. "ನನ್ನ ಕಾರು ಬೆಳಿಗ್ಗೆ ಹೀಗೆ ಸದ್ದು ಮಾಡುತ್ತೆ" ಅಂತ ಬಾಯಲ್ಲೇ ಕರ್ರ್ ಕುಯ್ಯ್ ಅನ್ನುತ್ತಾರೆ. ಅಣ್ಣತಮ್ಮ ಅದನ್ನು ತಾವೂ ಅಣಕಿಸಿ ನೋಡುತ್ತಾರೆ. ಪ್ರಶ್ನೆ ಕೇಳುತ್ತಾರೆ, ಊಹಿಸುತ್ತಾರೆ, ಒಬ್ಬರ ಮೇಲೊಬ್ಬರು ಬಿದ್ದು ಜಗಳ ಆಡುತ್ತಾರೆ. ಟಾಮ್‌ನ ನಗು ಒಂದು ಸಲ ಶುರುವಾದರೆ ಉಸಿರು ಕಟ್ಟುವ ತನಕ ನಿಲ್ಲುವುದಿಲ್ಲ. ಕೊನೆಗೆ ಬೇರಿಂಗು ಹೋಗಿದೆ ಅಂತಲೋ, ಎಕ್ಸಾಸ್ಟ್ ಪೈಪು ಸಡಿಲ ಆಗಿದೆ ಅಂತಲೋ ಒಂದು ಉತ್ತರ ಸಿಗುತ್ತದೆ. ಫೋನ್ ಮಾಡಿದವರು ನಗುತ್ತಾ ಫೋನ್ ಇಡುತ್ತಾರೆ.

ಈಗ ನನ್ನ ವಾದಕ್ಕೆ ಬರುತ್ತೇನೆ. ಫೋನು, ಮಾತು, ನಗು ಈ ಮೂರೂ ಅಲ್ಲೂ ಇವೆ, ನಮ್ಮ ಬಕ್ರಾ ಕರೆಗಳಲ್ಲೂ ಇವೆ. ಹಾಗಾದರೆ ವ್ಯತ್ಯಾಸ ಏನು? ನನ್ನ ಪ್ರಕಾರ ಕೇಳಬೇಕಾದ ಪ್ರಶ್ನೆ ಒಂದೇ. ಫೋನ್ ಮಾಡಿದ್ದು ಯಾರು?

ಕಾರ್ ಟಾಕ್‌ನಲ್ಲಿ ಫೋನ್ ಮಾಡಿದ್ದು ಕೇಳುಗ. ತನಗೆ ಬೇಕಾದಾಗ, ತನ್ನ ಇಷ್ಟದಿಂದ, ತನ್ನ ಕೆಲಸಕ್ಕೆ ಮಾಡಿದ. ರೇಡಿಯೋದಲ್ಲಿ ತನ್ನ ದನಿ ಬರುತ್ತದೆ ಅಂತ ಅವನಿಗೆ ಗೊತ್ತು. ಬಕ್ರಾ ಕರೆಯಲ್ಲಿ ಫೋನ್ ಮಾಡಿದ್ದು ಸ್ಟೇಷನ್ನಿನವರು. ಎತ್ತಿದವನಿಗೆ ಇದು ರೇಡಿಯೋ ಅಂತ ಗೊತ್ತಿಲ್ಲ, ಆಟ ಅಂತಲೂ ಗೊತ್ತಿಲ್ಲ. ಅವನು ಅಂಗಡಿಯಲ್ಲೋ, ಆಸ್ಪತ್ರೆಯ ಕಾರಿಡಾರಿನಲ್ಲೋ, ಸ್ಕೂಟರ್ ಬದಿಗೆ ನಿಲ್ಲಿಸಿಯೋ ಮಾತಾಡುತ್ತಿರುತ್ತಾನೆ. ಅದಕ್ಕೇ "ಸ್ಪೋರ್ಟಿವ್" ಅನ್ನುವ ಪದಕ್ಕೆ ನನ್ನ ಆಕ್ಷೇಪ. ಸ್ಪೋರ್ಟ್ ಅಂದರೆ ಆಟ. ಕಬಡ್ಡಿ ಆಡುವವನಿಗೆ ತಾನು ಅಂಕಣದಲ್ಲಿ ನಿಂತಿದ್ದೇನೆ ಅಂತ ಗೊತ್ತಿರುತ್ತದೆ. ದಾರಿಯಲ್ಲಿ ಹೋಗುವವನ ಕಾಲು ಹಿಡಿದೆಳೆದು ಬೀಳಿಸಿ "ಔಟ್" ಅಂದರೆ ಅದು ಕಬಡ್ಡಿಯಾ?

ಹೆಸರುಗಳನ್ನೇ ನೋಡಿ. ನಮ್ಮಲ್ಲಿ ಇಂಥ ಕರೆಗೆ ಸಿಕ್ಕವನು ಬಕ್ರಾ. ಹಿಂದಿ ಎಫ್‌ಎಂಗಳಲ್ಲಿ ಮುರ್ಗಾ. ಒಂದು ಆಡು, ಇನ್ನೊಂದು ಹುಂಜ. ಎರಡೂ ಕೊಯ್ಯಲು ಸಾಕುವ ಪ್ರಾಣಿಗಳು! ಹೆಸರಿಟ್ಟವರು ಕಡೇಪಕ್ಷ ಸುಳ್ಳು ಹೇಳಲಿಲ್ಲ. ಕಾರ್ ಟಾಕ್‌ನಲ್ಲೂ ಪೆದ್ದ ಅನ್ನುವ ಪದ ಇತ್ತು. ಆದರೆ ಅದು ನಿರೂಪಕರಿಗೆ. 'ಸ್ಟಂಪ್ ದ ಚಂಪ್ಸ್' ಅಂತ ಒಂದು ಭಾಗ ಬರುತ್ತಿತ್ತು. ಪೆದ್ದರನ್ನು ಸೋಲಿಸಿ ಅಂತ ಅರ್ಥ ಮಾಡಿಕೊಳ್ಳಬಹುದು. ಹಿಂದೆ ಫೋನ್ ಮಾಡಿದವರನ್ನು ಮತ್ತೆ ಮಾತಾಡಿಸಿ, ನಾವು ಹೇಳಿದ್ದು ಸರಿ ಇತ್ತಾ ಅಂತ ಎಲ್ಲರೆದುರು ಕೇಳುವುದು. ಉತ್ತರ ತಪ್ಪಾಗಿದ್ದರೆ ಇಬ್ಬರೂ ಅದನ್ನೇ ಇಟ್ಟುಕೊಂಡು ನಗುತ್ತಿದ್ದರು. ತಮ್ಮ ಕಂಪನಿಗೆ ಅವರು ಇಟ್ಟ ಹೆಸರು 'ಡ್ಯೂಯಿ, ಚೀಟಮ್ ಅಂಡ್ ಹೌ'. ಇಂಗ್ಲಿಷಿನಲ್ಲಿ ಬೇಗ ಬೇಗ ಓದಿದರೆ "ನಾವು ಜನರಿಗೆ ಮೋಸ ಮಾಡ್ತೀವಾ? ಅಯ್ಯೋ, ಕೇಳಬೇಕಾ!" ಅನ್ನುವ ಹಾಗೆ ಕೇಳಿಸುತ್ತದೆ. ಹಾರ್ವರ್ಡ್ ಸ್ಕ್ವೇರಿನ ಅವರ ಆಫೀಸಿನ ಕಿಟಕಿಯ ಮೇಲೂ ಅದೇ ಹೆಸರು. ಪ್ರತಿ ವಾರ ಕೊನೆಗೆ, ನಿಮ್ಮ ಇನ್ನೊಂದು ಗಂಟೆ ನಮ್ಮಿಂದ ಹಾಳಾಯಿತು ಅಂತ ಕೇಳುಗರಿಗೆ ಹೇಳಿಯೇ ಮುಗಿಸುತ್ತಿದ್ದರು.

ಗೊತ್ತಿಲ್ಲದ ಇಬ್ಬರು ಸೇರಿದರೆ ಒಬ್ಬನಿಗಿಂತ ಹೆಚ್ಚು ಗೊತ್ತಿರುತ್ತದೋ ಕಮ್ಮಿ ಗೊತ್ತಿರುತ್ತದೋ ಅನ್ನುವುದೂ ಅಲ್ಲಿ ಒಮ್ಮೆ ದೊಡ್ಡ ಚರ್ಚೆಯ ವಿಷಯವಾಗಿತ್ತು. ನಮ್ಮ ಬೆಳಗಿನ ಸ್ಟ್ಯಾಂಡಪ್ ಮೀಟಿಂಗ್ ನೆನಪಾದವರು ಕೈ ಎತ್ತಿ :-)

ಅಲ್ಲೂ ಒಮ್ಮೆ ಬಕ್ರಾ ಕರೆ ಬಂದಿತ್ತು, ಗೊತ್ತಾ? 1997ರ ಜನವರಿಯಲ್ಲಿ ಒಬ್ಬ ಫೋನ್ ಮಾಡಿ ತನ್ನ ಸರ್ಕಾರಿ ವ್ಯಾನಿನ ಬಗ್ಗೆ ದೂರು ಹೇಳಿದ. ಮೊದಲ ಎರಡು ನಿಮಿಷ ಭಯಂಕರ ಸದ್ದು, ಕುಲುಕಾಟ. ಆಮೇಲೆ ಆರೂವರೆ ನಿಮಿಷ ನಯವಾಗಿ ಓಡುತ್ತೆ. ಆಮೇಲೆ ಎಂಜಿನ್ ಧಡಕ್ಕನೆ ಬಂದ್. ಬ್ರೇಕು ಕೆಂಪಗೆ ಕಾಯುತ್ತೆ. ಇಷ್ಟರ ತನಕ ಓಡಿದ್ದು ಸುಮಾರು ಆರು ಕೋಟಿ ಮೈಲಿ. ಅಣ್ಣತಮ್ಮ ತಲೆ ಕೆರೆದುಕೊಂಡರು. ಆಮೇಲೆ ಆ ದನಿಯ ಧಾಟಿ ಕೇಳಿ ಅನುಮಾನ ಬಂತು. ಕರೆ ಮಾಡಿದವನು ಜಾನ್ ಗ್ರನ್ಸ್‌ಫೆಲ್ಡ್, ನಾಸಾದ ಗಗನಯಾತ್ರಿ. ಮಾಡಿದ್ದು ಬಾಹ್ಯಾಕಾಶದಿಂದ. ವ್ಯಾನ್ ಅಂದದ್ದು ಸ್ಪೇಸ್ ಶಟಲ್ಲಿಗೆ! ಇದೂ ಸುಳ್ಳು ಹೇಳಿ ಫೋನಿನಲ್ಲಿ ಆಡಿಸಿದ ಆಟವೇ. ಆದರೆ ಆಡಿಸಿದವನು ಕೇಳುಗ, ಸಿಕ್ಕಿಬಿದ್ದವರು ಮೈಕು ಕೈಯಲ್ಲಿದ್ದವರು. ಆ ಎಪಿಸೋಡ್ ಕೇಳಿ ಯಾರಿಗಾದರೂ ಅಯ್ಯೋ ಪಾಪ ಅನ್ನಿಸಿದರೆ ನಾನು ಈ ಪೋಸ್ಟು ಅಳಿಸಿಹಾಕುತ್ತೇನೆ.

ಇನ್ನೊಂದು ಕಡೆಯದ್ದು ಹೇಳುತ್ತೇನೆ. ಇದು ನಗುವ ವಿಷಯ ಅಲ್ಲ. ಕಾರ್ ಟಾಕ್ ನಿಂತ ಎರಡೇ ತಿಂಗಳಿಗೆ, 2012ರ ಡಿಸೆಂಬರ್ 4ರಂದು, ಸಿಡ್ನಿಯ 2ಡೇ ಎಫ್‌ಎಂನ ಇಬ್ಬರು ನಿರೂಪಕರು ಲಂಡನ್ನಿನ ಆಸ್ಪತ್ರೆಯೊಂದಕ್ಕೆ ಫೋನ್ ಮಾಡಿದರು. ಬ್ರಿಟನ್ನಿನ ರಾಣಿ ಮತ್ತು ರಾಜಕುಮಾರ ಚಾರ್ಲ್ಸ್ ಅಂತ ನಟಿಸಿದರು. ಅಲ್ಲಿ ದಾಖಲಾಗಿದ್ದ ಕೇಟ್ ಹೇಗಿದ್ದಾಳೆ ಅಂತ ಕೇಳಿದರು. ನಸುಕಿನ ಹೊತ್ತು, ರಿಸೆಪ್ಷನ್ನಿನಲ್ಲಿ ಯಾರೂ ಇರಲಿಲ್ಲ. ಫೋನ್ ಎತ್ತಿದ ನರ್ಸ್ ನಂಬಿ ಕರೆಯನ್ನು ವಾರ್ಡಿಗೆ ಕೊಟ್ಟರು. ಅಲ್ಲಿದ್ದ ಇನ್ನೊಬ್ಬ ನರ್ಸ್ ವಿವರ ಹೇಳಿದರು. ಸ್ಟೇಷನ್ನಿನವರು ಅದನ್ನು ರೆಕಾರ್ಡ್ ಮಾಡಿಟ್ಟುಕೊಂಡು ಆಮೇಲೆ ಪ್ರಸಾರ ಮಾಡಿದರು. ಇಡೀ ಜಗತ್ತು ಕೇಳಿ ನಕ್ಕಿತು. ಫೋನ್ ಎತ್ತಿದವರ ಹೆಸರು ಜೆಸಿಂತಾ ಸಲ್ಡಾನ್ಹ. ನಮ್ಮ ಮಂಗಳೂರಲ್ಲಿ ಹುಟ್ಟಿದವರು. ಮೂರು ದಿನಕ್ಕೆ, ಡಿಸೆಂಬರ್ 7ರಂದು, ಅವರು ಜೀವ ಕಳೆದುಕೊಂಡರು. 17ರಂದು ಶಿರ್ವದಲ್ಲಿ ಮಣ್ಣಾಯಿತು.

ನಾನು ಆಗ ಕಾರ್ಕಳದಲ್ಲಿ ಹೈಸ್ಕೂಲು. ಶಿರ್ವ ನಮ್ಮಿಂದ ದೂರವೇನಲ್ಲ. ವಾರವಿಡೀ ಬಸ್ಸಿನಲ್ಲಿ, ಅಂಗಡಿಯಲ್ಲಿ ಇದೇ ಮಾತು. ಒಂದು ಸಾವಿಗೆ ಇಂಥದ್ದೇ ಒಂದು ಕಾರಣ ಅಂತ ಬೆರಳು ತೋರಿಸಲು ನಾನು ಹೋಗುವುದಿಲ್ಲ, ಹೋಗಲೂಬಾರದು. ನಾನು ಕೇಳುವುದು ಇಷ್ಟೆ. ಆ ಬೆಳಿಗ್ಗೆ ಜೆಸಿಂತಾ ಮಾಡಿದ್ದು ಏನು? ತನ್ನದಲ್ಲದ ಕೆಲಸ ಆದರೂ ಬಡಿದುಕೊಳ್ಳುತ್ತಿದ್ದ ಫೋನ್ ಎತ್ತಿದರು. ಕೇಳಿದವರನ್ನು ನಂಬಿದರು. ಬಕ್ರಾ ಕರೆ ನಡೆಯುವುದೇ ಈ ಎರಡು ಗುಣಗಳ ಮೇಲೆ, ಫೋನ್ ಎತ್ತುವ ಸೌಜನ್ಯ ಮತ್ತು ಎದುರಿನವರ ಮೇಲೆ ನಂಬಿಕೆ. ಒರಟನಿಗೆ ಫೋನ್ ಮಾಡಿದರೆ ಅವನು ಬೈದು ಇಡುತ್ತಾನೆ, ಎಪಿಸೋಡ್ ಆಗುವುದಿಲ್ಲ. ಸಂಶಯದ ಮನುಷ್ಯ ಅರ್ಧ ನಿಮಿಷದಲ್ಲಿ ಹಿಡಿದುಬಿಡುತ್ತಾನೆ, ಆಗಲೂ ಆಗುವುದಿಲ್ಲ. ಸಿಕ್ಕಿಬೀಳುವುದು ಒಳ್ಳೆಯವರೇ.

ಆಸ್ಟ್ರೇಲಿಯಾದಲ್ಲಿ ಅದು ಅಷ್ಟಕ್ಕೆ ಮುಗಿಯಲಿಲ್ಲ. ಕಾರ್ಯಕ್ರಮ ರದ್ದಾಯಿತು. ಒಪ್ಪಿಗೆ ಇಲ್ಲದೆ ಮಾತು ರೆಕಾರ್ಡ್ ಮಾಡಿ ಪ್ರಸಾರ ಮಾಡಿದ್ದು ಅಪರಾಧವೇ, ಅದರಿಂದ ಲೈಸೆನ್ಸಿನ ಷರತ್ತು ಮುರಿದಂತಾಯಿತೇ ಅನ್ನುವ ಪ್ರಶ್ನೆ ಅಲ್ಲಿನ ಹೈಕೋರ್ಟಿನ ತನಕ ಹೋಯಿತು. ಅಲ್ಲಿ ಅದೇ ದೇಶದ ಅತಿ ದೊಡ್ಡ ಕೋರ್ಟು. ಅದನ್ನು ತೀರ್ಮಾನಿಸುವ ಅಧಿಕಾರ ಪ್ರಸಾರ ನಿಯಂತ್ರಕರಿಗೆ ಇದೆ ಅಂತ 2015ರ ಮಾರ್ಚಿನಲ್ಲಿ ತೀರ್ಪು ಬಂತು. ನಮ್ಮಲ್ಲಿ ಈ ಚರ್ಚೆ ಶುರುವಾದರೆ ಸಾಕು, "ಸ್ಪೋರ್ಟಿವ್ ಆಗಿ ತಗೊಳ್ಳಿ" ಅಂತ ಬಾಗಿಲು ಹಾಕಿಬಿಡುತ್ತಾರೆ.

ಇದೆಲ್ಲ ದೂರದ ಕಥೆ ಅನ್ನುವವರಿಗೆ ನಮ್ಮ ಮನೆಯದ್ದೇ ಒಂದು. 2023ರಲ್ಲಿ ನನ್ನ ರೂಮ್‌ಮೇಟ್ ಒಬ್ಬನ ಕೆಲಸ ಹೋಯಿತು. ಮೂರು ತಿಂಗಳು ಹುಡುಕಾಟ. ಅವನ ಕಾಲೇಜಿನ ಗೆಳೆಯನೊಬ್ಬ ತಮಾಷೆಗೆ ಅಂತ ಇವನ ನಂಬರನ್ನು ಒಂದು ಸ್ಟೇಷನ್ನಿಗೆ ಕೊಟ್ಟ. ಫೋನ್ ಬಂತು, "ನಾವು ಇಂಥ ಕಂಪನಿಯ ಎಚ್ಆರ್" ಅಂತ. ಇವನು ತಟ್ಟೆಯಿಂದ ಎದ್ದು ನಿಂತು "ಯೆಸ್ ಸರ್, ಯೆಸ್ ಸರ್" ಅಂತ ಮಾತಾಡಿದ. ಕೆಲಸ ಖಾತ್ರಿ, ಆದರೆ ದಿನಾ ಸಂಜೆ ಮ್ಯಾನೇಜರ ನಾಯಿಯನ್ನು ವಾಕಿಂಗ್ ಕರೆದುಕೊಂಡು ಹೋಗಬೇಕು, ಅದಕ್ಕೆ ಸ್ನಾನ ಮಾಡಿಸಬೇಕು ಅಂದರು. ಇವನು ಒಂದು ಕ್ಷಣ ಸುಮ್ಮನಿದ್ದು, "ಆಗಬಹುದು ಸರ್" ಅಂದ. ಜೋಕು ಇರುವುದು ಅಲ್ಲೇ. ಕೇಳಿದವರೆಲ್ಲ ನಕ್ಕದ್ದೂ ಅಲ್ಲೇ. ಅವನು ಯಾಕೆ ಆಗಬಹುದು ಅಂದ ಅಂತ ಯಾರೂ ಕೇಳಲಿಲ್ಲ.

ಅವನೂ ಕೊನೆಗೆ ನಕ್ಕ, ಪ್ರಸಾರ ಮಾಡಲು ಒಪ್ಪಿದ. ಊಟ ಮಾಡಲಿಲ್ಲ. ಆಮೇಲೆ ಎಷ್ಟೋ ದಿನ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಎತ್ತುತ್ತಿರಲಿಲ್ಲ. ಕೆಲಸ ಹುಡುಕುವವನಿಗೆ ಬರುವ ಫೋನುಗಳೆಲ್ಲ ಗೊತ್ತಿಲ್ಲದ ನಂಬರಿನವೇ ಅಲ್ಲವೇ?

ಈಗ ಕ್ಯಾಂಟೀನಿನಲ್ಲಿ ಕೇಳಿಬಂದ ವಾದಗಳು, ಒಂದೊಂದಾಗಿ.

1. "ಕೊನೆಗೆ ಒಪ್ಪಿಗೆ ಕೇಳ್ತಾರಲ್ಲ?" ಕೇಳುತ್ತಾರೆ, ಎಲ್ಲಾ ಮುಗಿದ ಮೇಲೆ. ಅಷ್ಟು ಹೊತ್ತಿಗೆ ಮನುಷ್ಯ ನಾಚಿಕೆಯಿಂದ ಕುಗ್ಗಿ ಹೋಗಿರುತ್ತಾನೆ. ಬೇಡ ಅಂದರೆ ಸ್ಪೋರ್ಟಿವ್ ಅಲ್ಲ ಅನ್ನಿಸಿಕೊಳ್ಳಬೇಕು. ಜೇಬಿಗೆ ಕೈ ಹಾಕಿ ದುಡ್ಡು ತೆಗೆದುಕೊಂಡು ಆಮೇಲೆ "ತಗೊಳ್ಳಲಾ?" ಅಂತ ಕೇಳಿದ ಹಾಗೆ ಇದು.

2. "ಅವೆಲ್ಲ ಮೊದಲೇ ಬರೆದುಕೊಂಡದ್ದು, ಎತ್ತುವವರೂ ಅವರ ಕಡೆಯವರೇ." ಹಾಗಿದ್ದರೆ ಸಂತೋಷ. ಆದರೆ ನಿಜವಾದ ಕರೆ ಅಂತ ಹೇಳಿಯೇ ಅಲ್ಲವೇ ನಮಗೆ ಕೇಳಿಸುವುದು? ಆಗ ಬಕ್ರಾ ಆದದ್ದು ನಾವು ಕೇಳುಗರು. ಅಷ್ಟೇ ಅಲ್ಲ, ನಿಜವಾಗಿಯೂ ಒಬ್ಬ ಮನುಷ್ಯ ಒದ್ದಾಡುತ್ತಿದ್ದಾನೆ ಅಂತ ನಂಬಿದರೆ ಮಾತ್ರ ನಮಗೆ ನಗು ಬರುತ್ತದೆ ಅಂತ ಅವರು ಲೆಕ್ಕ ಹಾಕಿದ್ದಾರೆ. ಈ ಲೆಕ್ಕ ನಮಗೆ ಮರ್ಯಾದೆ ಅಂತ ಅನ್ನಿಸುತ್ತದಾ?

3. "ಯಾರನ್ನೂ ನೋಯಿಸದೆ ನಗಿಸಲು ಆಗುವುದಿಲ್ಲ." 1987ರಿಂದ 2012ರ ತನಕ, 25 ವರ್ಷ ವಾರವಾರ ಇಬ್ಬರು ದೇಶಕ್ಕೇ ನಗಿಸಿದ್ದಾರೆ. ಅವರು ಫೋನ್ ಮಾಡಿದವರ ಕಾಲೆಳೆಯುತ್ತಿರಲಿಲ್ಲ ಅಂತಲ್ಲ. ಚೆನ್ನಾಗಿಯೇ ಎಳೆಯುತ್ತಿದ್ದರು. ಕರೆಗಳನ್ನು ಮೊದಲೇ ಆರಿಸುತ್ತಿದ್ದರು, ರೆಕಾರ್ಡ್ ಮಾಡಿ ಎಡಿಟ್ ಮಾಡುತ್ತಿದ್ದರು, ಅದೂ ನಿಜ. ಆದರೆ ಫೋನ್ ಮಾಡಿದವನು ತಿರುಗಿ ಕಾಲೆಳೆಯಬಹುದಿತ್ತು, ಮತ್ತು ಹೋಗುವಾಗ ಅವನ ಕೈಯಲ್ಲಿ ಒಂದು ಉತ್ತರ ಇರುತ್ತಿತ್ತು.

4. "ಇಷ್ಟ ಇಲ್ಲದಿದ್ದರೆ ಸ್ಟೇಷನ್ ಬದಲಾಯಿಸು." ನಾನು ಬದಲಾಯಿಸಬಹುದು. ಫೋನ್ ಎತ್ತಿದವನು ಯಾವ ಗುಂಡಿ ಒತ್ತಬೇಕು?

5. "ಖಾಸಗಿ ಎಫ್‌ಎಂಗಳೂ ಬದುಕಬೇಡವಾ?" ಬದುಕಲಿ. ಅವರ ಕಷ್ಟ ಅರ್ಥವಾಗುತ್ತದೆ. ಹರಾಜಿನಲ್ಲಿ ದುಡ್ಡು ಸುರಿದು ಲೈಸೆನ್ಸ್ ತೆಗೆದುಕೊಳ್ಳಬೇಕು. ಸ್ವಂತ ಸುದ್ದಿ ಓದುವಂತಿಲ್ಲ, ಆಕಾಶವಾಣಿಯ ಸುದ್ದಿಯನ್ನು ಇದ್ದ ಹಾಗೆ ಹಾಕಬಹುದು ಅಷ್ಟೆ. ಉಳಿಯುವುದು ಹಾಡು ಮತ್ತು ಹರಟೆ. ಸರಿ, ಹರಟೆಯನ್ನೇ ಮಾಡಿ. ಬೈಕಿನ ಕ್ಲಚ್ಚಿನ ಬಗ್ಗೆ, ಮಿಕ್ಸಿಯ ಬ್ಲೇಡಿನ ಬಗ್ಗೆ, ಬಾಡಿಗೆ ಮನೆಯ ಓನರ್ ಬಗ್ಗೆ ಕೇಳುಗರ ಜತೆ ನಗುನಗುತ್ತಾ ಮಾತಾಡಬೇಡಿ ಅಂತ ಯಾವ ಕಾನೂನೂ ಹೇಳಿಲ್ಲ.

ಇದು ನಮಗೆ ಗೊತ್ತಿಲ್ಲದ ವಿದ್ಯೆಯೂ ಅಲ್ಲ. 1942ರಲ್ಲಿ 'ಕೊರವಂಜಿ' ಶುರು ಮಾಡಿ ಕನ್ನಡಿಗರನ್ನು ನಗಿಸಿದ ರಾಶಿ ಅವರು ವೃತ್ತಿಯಲ್ಲಿ ಡಾಕ್ಟರು. ಮನಸ್ಸಿನ ವಿಚಾರವನ್ನೂ ಕನ್ನಡದಲ್ಲಿ ತಿಳಿಯಾಗಿ ಬರೆದವರು. ಬೀಚಿ ಓದುಗರ ಪ್ರಶ್ನೆಗೆ ಉತ್ತರ ಬರೆಯುತ್ತಿದ್ದರು, ಪೆದ್ದುತನವನ್ನೆಲ್ಲ ಹೊರಿಸಲು ತಿಂಮನನ್ನು ತಾವೇ ಹುಟ್ಟಿಸಿಕೊಂಡಿದ್ದರು. ದಾರಿಹೋಕರನ್ನು ಹಿಡಿದು ತಿಂಮ ಮಾಡಲಿಲ್ಲ. ಅಡಿಕೆಗೆ ಕೊಳೆರೋಗ ಬಂದರೆ ಏನು ಹೊಡೆಯಬೇಕು ಅಂತ ಆಕಾಶವಾಣಿಗೆ ಫೋನ್ ಮಾಡುವ ಕೇಳುಗರು ನಮ್ಮೂರ ಕಡೆ ಇದ್ದಾರೆ. ಅಲ್ಲಿ ವಿಷಯ ಉಂಟು, ನಗು ಇಲ್ಲ. ಖಾಸಗಿ ಎಫ್‌ಎಂನಲ್ಲಿ ನಗು ಉಂಟು, ವಿಷಯ ಇಲ್ಲ. ಎರಡೂ ಒಟ್ಟಿಗೆ ಇರಬಹುದು ಅಂತ ಗ್ರೀಸ್ ಮೆತ್ತಿದ ಕೈಯ ಇಬ್ಬರು ತೋರಿಸಿಕೊಟ್ಟಿದ್ದಾರೆ.

ಕೊನೆಯದಾಗಿ ಅಭಿಮಾನಿಗಳ ಬಗ್ಗೆ ಒಂದು ಮಾತು. ನಿರೂಪಕರನ್ನು ಮಾತ್ರ ಬೈದು ಕೈ ತೊಳೆದುಕೊಳ್ಳುವುದು ಸುಲಭ. ಆದರೆ ನಂಬರು ಕೊಡುವವರು ಯಾರು? ಅಭಿಮಾನಿಗಳು. ಆ ತುಣುಕನ್ನು ಫ್ಯಾಮಿಲಿ ಗ್ರೂಪಿಗೆ ಫಾರ್ವರ್ಡ್ ಮಾಡುವವರು? ಅಭಿಮಾನಿಗಳು. ಈಗಂತೂ ರೇಡಿಯೋವೇ ಬೇಕಿಲ್ಲ. ರೀಲ್ಸ್ ಮಾಡುವ ಹುಡುಗರು ತರಕಾರಿ ಮಾರುವ ಅಜ್ಜಿಯ ಮುಂದೆಯೂ ಇದೇ ಆಟ ಆಡುತ್ತಾರೆ, ಲಕ್ಷಗಟ್ಟಲೆ ಲೈಕು ಬೀಳುತ್ತದೆ. ನಾವು ಎಲ್ಲಿ ನಗುತ್ತೇವೋ ಅಲ್ಲಿಗೆ ಜಾಹೀರಾತು ಬರುತ್ತದೆ, ಜಾಹೀರಾತು ಬಂದಲ್ಲಿ ಇನ್ನೂ ನಾಲ್ಕು ಕಾರ್ಯಕ್ರಮ ಹುಟ್ಟುತ್ತವೆ. ಆದ್ದರಿಂದ ದಯವಿಟ್ಟು ಯಾವ ಸ್ಟೇಷನ್ನಿಗೂ ಯಾರ ನಂಬರನ್ನೂ ಕೊಡಬೇಡಿ. ತುಣುಕು ಬಂದರೆ ಮುಂದಕ್ಕೆ ತಳ್ಳಬೇಡಿ. ಕಳಿಸಿದವರಿಗೆ "ಈ ಫೋನ್ ಮಾಡಿದ್ದು ಯಾರು, ಎತ್ತಿದ್ದು ಯಾರು?" ಅಂತ ಒಂದು ಸಾಲು ಬರೆಯಿರಿ, ಸಾಕು. ನಾನು ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಬರೆದೆ. ಚಿಕ್ಕಪ್ಪ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಮಾತಾಡಿದರು.

ಕಾರ್ ಟಾಕ್‌ನ ಹಳೇ ಎಪಿಸೋಡುಗಳು ಪಾಡ್‌ಕಾಸ್ಟ್ ಆಗಿ ಸಿಗುತ್ತವೆ, ಕೇಳಿ ನೋಡಿ. ಕಾರು ಇಲ್ಲದವರೂ ಕೇಳಬಹುದು, ನಾನೇ ಸಾಕ್ಷಿ. ಹಾಗೇ, ಕೇಳುಗರೇ ಫೋನ್ ಮಾಡಿ ನಿರೂಪಕರ ಕಾಲೆಳೆಯುವಂಥ ಕನ್ನಡ ಕಾರ್ಯಕ್ರಮ ಯಾವುದಾದರೂ ನಿಮಗೆ ಗೊತ್ತಿದ್ದರೆ ಕಮೆಂಟಿನಲ್ಲಿ ಖಂಡಿತ ತಿಳಿಸಿ. ನನ್ನನ್ನು ಬೈಯುವವರಿಗೂ ಸ್ವಾಗತ. ನೀವಾಗಿಯೇ ಬಂದು ಬೈಯುತ್ತೀರಲ್ಲ, ಅದಕ್ಕೆ ನನ್ನ ತಕರಾರಿಲ್ಲ :-)